ಬಿಡುಗಡೆ ಮಾಡಿದವರು ಯಾರು? ‘ಲಿಂಕನ್’ ಸಿನಿಮಾ ಮತ್ತು ಅಮೆರಿಕದ ಅಂತರ್ಯುದ್ಧ

‘ಅಬ್ರಹಾಂ ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದರು.’ ಗೈಡುಗಳಲ್ಲಿ, ಕ್ವಿಜ್ ಪುಸ್ತಕಗಳಲ್ಲಿ ಈ ವಾಕ್ಯವನ್ನು ನೀವೂ ಓದಿರುತ್ತೀರಿ. ಭಾಷೆ ಕಲಿಸುವುದು ನನ್ನ ಕೆಲಸವಾದ್ದರಿಂದ ನನಗೆ ಅದರಲ್ಲಿ ಮೊದಲು ಕಾಣುವುದು ವ್ಯಾಕರಣ. ಲಿಂಕನ್ ಕರ್ತೃ, ಗುಲಾಮರು ಕರ್ಮ. ಉರ್ದು ಕ್ಲಾಸಿನಲ್ಲಿ ಹೇಳೋ ಹಾಗೆ ಒಬ್ಬರು ಫಾಯಿಲ್, ಸುಮಾರು 40 ಲಕ್ಷ ಜನ ಮಫ್‌ಊಲ್. ವಾಕ್ಯ ಸುಳ್ಳು ಅಂತ ಹೇಳೋಕಾಗಲ್ಲ. ಆದರೆ 1861ರಿಂದ 1865ರವರೆಗೆ ನಡೆದು, ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತಿಂದುಹಾಕಿದ ಆ ಯುದ್ಧದಲ್ಲಿ ಈ 40 ಲಕ್ಷ ಜನ ಏನು ಮಾಡ್ತಾ ಇದ್ದರು? ಕೈಕಟ್ಟಿ ಕಾಯ್ತಾ ಕೂತಿದ್ದರಾ? ಆ ಪ್ರಶ್ನೆಗೆ ಈ ವಾಕ್ಯದಲ್ಲಿ ಜಾಗವೇ ಇಲ್ಲ.

ಸ್ಟೀವನ್ ಸ್ಪೀಲ್‌ಬರ್ಗ್ 2012ರಲ್ಲಿ ತೆಗೆದ ‘ಲಿಂಕನ್’ ಚಿತ್ರವನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿ ಅಂತ ನಿಮ್ಮನ್ನು ಕೇಳ್ತೇನೆ. ಒಳ್ಳೆಯ ಚಿತ್ರ. ಡೇನಿಯಲ್ ಡೇ ಲೂಯಿಸ್ ಅವರ ನಟನೆ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ, ಆಸ್ಕರ್ ಬಂದಾಗಿದೆ. ನನಗೆ ಹೆಚ್ಚು ಇಷ್ಟವಾಗಿದ್ದು ಟೋನಿ ಕುಶ್ನರ್ ಅವರ ಚಿತ್ರಕಥೆ. ಲಿಂಕನ್ ಅವರ ಇಡೀ ಬದುಕನ್ನು ಹೇಳುವ ಚಪಲವಿಲ್ಲ. 1865ರ ಜನವರಿ ಎಂಬ ಒಂದೇ ತಿಂಗಳ ಸುತ್ತ ಕಥೆ ನಿಲ್ಲುತ್ತದೆ. ಗುಲಾಮಗಿರಿಯನ್ನು ನಿಷೇಧಿಸುವ 13ನೇ ತಿದ್ದುಪಡಿಗೆ ಕೆಳಮನೆಯಲ್ಲಿ ಮೂರನೇ ಎರಡರಷ್ಟು ಮತ ಬೇಕು. ವಿರೋಧ ಪಕ್ಷದಿಂದ ಮತ ಎಳೆಯಬೇಕು. ಚುನಾವಣೆಯಲ್ಲಿ ಸೋತು ಮನೆಗೆ ಹೊರಟಿರುವ ಸದಸ್ಯರಿಗೆ ಸರ್ಕಾರಿ ಹುದ್ದೆಗಳ ಆಸೆ ತೋರಿಸಬೇಕು. ನಮ್ಮ ದೇಶದ ರೆಸಾರ್ಟ್ ರಾಜಕಾರಣ ನೋಡಿದವರಿಗೆ ಇದೆಲ್ಲ ಮನೆಯ ಮಾತಿನಂತೆಯೇ ಅರ್ಥವಾಗುತ್ತದೆ. ಜನವರಿ 31ರಂದು 119–56ರಿಂದ ತಿದ್ದುಪಡಿ ಪಾಸಾಯಿತು. ಬೇಕಿದ್ದದ್ದಕ್ಕಿಂತ ಎರಡೇ ಮತ ಹೆಚ್ಚು.

ಒಂದು ದೃಶ್ಯದಲ್ಲಿ ಲಿಂಕನ್ ತಮ್ಮ ಮಂತ್ರಿಗಳ ಮುಂದೆ ವಕೀಲರ ಹಾಗೆ ತಮ್ಮದೇ ಆಜ್ಞೆಯ ಬುಡ ಅಲ್ಲಾಡಿಸುತ್ತಾರೆ: ಯುದ್ಧಕಾಲದ ಅಧಿಕಾರದಿಂದ ಗುಲಾಮರನ್ನು ಬಿಡಿಸಿದ್ದೇನೆ, ಯುದ್ಧ ಮುಗಿದ ಮೇಲೆ ಕೋರ್ಟು ಏನು ಹೇಳುತ್ತದೋ? ತಿದ್ದುಪಡಿ ಯಾಕೆ ಬೇಕಾಯಿತು ಎನ್ನುವುದನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ ಇನ್ನೊಂದು ಚಿತ್ರ ನಾನು ನೋಡಿಲ್ಲ.

ನನ್ನ ತಕರಾರು ಬೇರೆ. ಮನೆಗೆ ಬೆಂಕಿ ಬಿದ್ದ ಕಥೆಯಲ್ಲಿ ಈ ಚಿತ್ರ ಕೊನೆಯ ಕೊಡ ನೀರು ಸುರಿದದ್ದನ್ನು ಮಾತ್ರ ತೋರಿಸುತ್ತದೆ. ಬೆಂಕಿ ಹತ್ತಿದ್ದು ಹೇಗೆ, ನಾಲ್ಕು ವರ್ಷ ನೀರು ಹೊತ್ತವರು ಯಾರು ಎನ್ನುವುದು ಪರದೆಯ ಹೊರಗೆ ಉಳಿಯುತ್ತದೆ. ಅದನ್ನು ಸ್ವಲ್ಪ ಒಳಗೆ ತರೋಣ.

ಮೊದಲು ಕಾರಣ. ‘ಯುದ್ಧ ಆಗಿದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ’ ಅಂತ ಒಂದು ವಾದವಿದೆ. ಸುಂಕದ ಜಗಳ ಅನ್ನುವವರೂ ಇದ್ದಾರೆ. ಕೇಳೋಕೆ ಗಂಭೀರವಾಗಿದೆ, ಭಾರತದವರಿಗೆ ‘ರಾಜ್ಯಗಳ ಹಕ್ಕು’ ಅಂದ ಕೂಡಲೇ ಸಹಾನುಭೂತಿಯೂ ಹುಟ್ಟುತ್ತದೆ. ಇಂಥ ವಾದಕ್ಕೆ ಉತ್ತರ ಹುಡುಕೋದಕ್ಕೆ ದೊಡ್ಡ ಗ್ರಂಥ ಬೇಡ, ಒಕ್ಕೂಟ ಬಿಟ್ಟು ಹೋದ ರಾಜ್ಯಗಳು ತಾವೇ ಬರೆದ ಕಾಗದಗಳನ್ನು ಓದಿದರೆ ಸಾಕು. ಮೊದಲು ಹೊರಟದ್ದು ಸೌತ್ ಕೆರೊಲಿನಾ, 1860ರ ಡಿಸೆಂಬರ್ 20ರಂದು. ಅದು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಮುಖ್ಯ ದೂರು ಏನು ಗೊತ್ತಾ? ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳು ಹಿಡಿದು ಕೊಡುತ್ತಿಲ್ಲ. ನ್ಯೂಯಾರ್ಕ್ ನಮ್ಮ ಜನ ಗುಲಾಮರ ಜತೆ ಹಾದುಹೋಗೋಕೂ ಬಿಡುತ್ತಿಲ್ಲ. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನು ಬಳಸಿದ್ದೇ ತಪ್ಪು! ಮಿಸಿಸಿಪ್ಪಿ ಸುತ್ತಿ ಬಳಸಿ ಹೇಳುವ ಗೋಜಿಗೂ ಹೋಗಲಿಲ್ಲ. ತನ್ನ ನಿಲುವು ಗುಲಾಮಗಿರಿಯ ಜತೆ ಬೆಸೆದುಕೊಂಡಿದೆ ಅಂತ ನೇರವಾಗಿ ಬರೆಯಿತು. ಬಂಡಾಯ ರಾಜ್ಯಗಳ ಹೊಸ ಸಂವಿಧಾನ, ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾಯ್ದೆಯನ್ನು ಅವರ ಕಾಂಗ್ರೆಸ್ ಮಾಡುವಂತೆಯೇ ಇಲ್ಲ ಎಂದಿತು. ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸವಾನಾ ಊರಿನ ಭಾಷಣದಲ್ಲಿ, ಕರಿಯರು ಬಿಳಿಯರಿಗೆ ಸಮಾನರಲ್ಲ ಎಂಬ ನಂಬಿಕೆಯೇ ನಮ್ಮ ಸರ್ಕಾರದ ಮೂಲೆಗಲ್ಲು ಅಂತ ಸಾರಿದ. ಸೋತ ಮೇಲೆ ಅದೇ ಮನುಷ್ಯ ದಪ್ಪ ಪುಸ್ತಕ ಬರೆದು, ಇದು ಸಂವಿಧಾನದ ತತ್ವದ ಜಗಳವಾಗಿತ್ತು ಅಂದ. ಗೆಲ್ಲುವ ಭರವಸೆ ಇದ್ದಾಗ ಆಡಿದ ಮಾತು, ಸೋತ ಮೇಲೆ ಆಡಿದ ಮಾತು ಎರಡೂ ನಮ್ಮ ಮುಂದಿವೆ.

ಈ ಹಟದ ಹಿಂದೆ ಹತ್ತಿ ಇತ್ತು. 1793ರಲ್ಲಿ ಎಲೈ ವಿಟ್ನಿ ಮಾಡಿದ ಜಿನ್ನು ಹತ್ತಿಯಿಂದ ಬೀಜ ಬೇರ್ಪಡಿಸುವ ಕೆಲಸವನ್ನು ಸಲೀಸು ಮಾಡಿತು. ಗುಲಾಮರ ಕೆಲಸ ಕಡಿಮೆಯಾಗಲಿಲ್ಲ, ಬೇಡಿಕೆ ಏರಿತು. 1860ರ ಹೊತ್ತಿಗೆ ಅಮೆರಿಕದ ರಫ್ತಿನಲ್ಲಿ ಅರ್ಧಕ್ಕೂ ಹೆಚ್ಚು ಹತ್ತಿಯೇ. ಗುಲಾಮರ ‘ಮಾರುಕಟ್ಟೆ ಬೆಲೆ’ ಆ ದೇಶದ ರೈಲು ಮತ್ತು ಕಾರ್ಖಾನೆಗಳಿಗೆ ಹಾಕಿದ ಬಂಡವಾಳಕ್ಕಿಂತ ದೊಡ್ಡದಿತ್ತು ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಸೌತ್ ಕೆರೊಲಿನಾ ಮತ್ತು ಮಿಸಿಸಿಪ್ಪಿಯಲ್ಲಿ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರೇ ಆಗಿದ್ದರು. ಇಷ್ಟು ಆಸ್ತಿಯನ್ನು ಯಾರೂ ಧರ್ಮಬೋಧೆ ಕೇಳಿ ಬಿಟ್ಟುಕೊಡುವುದಿಲ್ಲ. ಬೋಧೆ ಮಾಡುವವರೂ ಒಂದೇ ಬದಿಯಲ್ಲಿರಲಿಲ್ಲ. ಇದೇ ಪ್ರಶ್ನೆ ಮೇಲೆ ಮೆಥಡಿಸ್ಟ್ ಸಭೆ 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಒಡೆದು ಹೋಳಾದರು. ಒಂದೇ ಬೈಬಲ್ಲು, ಒಬ್ಬರಿಗೆ ಅದರಲ್ಲಿ ವಿಮೋಚನೆ ಕಂಡಿತು, ಇನ್ನೊಬ್ಬರಿಗೆ ಚಾಟಿಗೆ ಅನುಮತಿ ಕಂಡಿತು. ರಾಜಕೀಯವಾಗಿಯೂ ಒಡಕು ಮುಚ್ಚಿಡುವ ಯತ್ನಗಳೆಲ್ಲ ಸೋತವು. 1820ರ ಮಿಸೂರಿ ಒಪ್ಪಂದ, 1850ರ ಇನ್ನೊಂದು ಒಪ್ಪಂದ, 1854ರಲ್ಲಿ ಕ್ಯಾನ್ಸಸ್ ಬಗೆಗಿನ ಕಾಯ್ದೆ ಮತ್ತು ಅಲ್ಲಿ ಹರಿದ ರಕ್ತ, 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಕರಿಯರು ಈ ದೇಶದ ನಾಗರಿಕರೇ ಅಲ್ಲ ಎಂದ ಸುಪ್ರೀಂ ಕೋರ್ಟು. ಪಶ್ಚಿಮದ ಹೊಸ ನೆಲದಲ್ಲಿ ಗುಲಾಮಗಿರಿ ಹರಡಬಾರದು ಎಂಬಷ್ಟೇ ಮಾತಿನ ಮೇಲೆ ಗೆದ್ದ ಲಿಂಕನ್ ಅವರನ್ನೂ ದಕ್ಷಿಣ ಸಹಿಸಲಿಲ್ಲ. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಕೊನೆಗೆ ಹನ್ನೊಂದು ರಾಜ್ಯಗಳು ಆ ಕಡೆ ನಿಂತವು.

ಹತ್ತಿಯ ಮಾತು ಬಂದಾಗ ನಮ್ಮ ಕಡೆಗೂ ಒಮ್ಮೆ ತಿರುಗಬೇಕು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಇಂಗ್ಲೆಂಡಿನ ಗಿರಣಿಗಳು ಹತ್ತಿಗಾಗಿ ಬೊಂಬಾಯಿಯತ್ತ ನೋಡಿದವು. ಧಾರವಾಡ ಸೀಮೆಯಲ್ಲಿ ಅದಾಗಲೇ ಅಮೆರಿಕದ ಬೀಜದಿಂದ ಬೆಳೆದ ‘ಧಾರವಾಡ–ಅಮೆರಿಕನ್’ ಹತ್ತಿ ಇತ್ತು. ಅದನ್ನು ಸಾಗಿಸೋದಕ್ಕೆ ಕಾರವಾರವನ್ನು ಬಂದರು ಮಾಡಬೇಕು ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬೈಯಲ್ಲಿರುವ ಓದುಗರು ಯೂನಿವರ್ಸಿಟಿ ಹತ್ತಿರ ಹೋದಾಗ ರಾಜಾಬಾಯಿ ಟವರ್ ಕಡೆ ಕತ್ತೆತ್ತಿ ನೋಡಿ. ಅದಕ್ಕೆ ದುಡ್ಡು ಕೊಟ್ಟ ಪ್ರೇಮಚಂದ್ ರಾಯ್‌ಚಂದ್ ಈ ಹತ್ತಿಯ ಸುಗ್ಗಿಯಲ್ಲಿ ಏರಿದವರು, 1865ರಲ್ಲಿ ಯುದ್ಧ ನಿಂತು ಬೆಲೆ ಕುಸಿದಾಗ ಊರಿನ ಜತೆ ಬಿದ್ದವರು. ದೂರದ ದೇಶದ ಜಗಳ ಅಂತ ಅನ್ನಿಸಿದರೆ ಇಷ್ಟು ನೆನಪಿರಲಿ.

ಈಗ ಯುದ್ಧದ ಓಟ. ಕದನಗಳ ಹೆಸರು, ಜನರಲ್‌ಗಳ ಮೀಸೆ, ಇವುಗಳ ಮೇಲೆ ಸಾವಿರಾರು ಪುಸ್ತಕಗಳಿವೆ, ನಾನು ಅದಕ್ಕೆ ಕೈ ಹಾಕಲ್ಲ. ನನಗೆ ಮುಖ್ಯ ಅನ್ನಿಸುವ ಘಟನೆ ಯುದ್ಧ ಶುರುವಾಗಿ ಆರು ವಾರವೂ ಆಗದ ಒಂದು ರಾತ್ರಿಯದು. 1861ರ ಮೇ 23. ವರ್ಜೀನಿಯಾದಲ್ಲಿ ಬಂಡಾಯಗಾರರ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಿದ್ದ ಮೂವರು ಗುಲಾಮರು, ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್, ದೋಣಿ ಹತ್ತಿ ಉತ್ತರದವರ ವಶದಲ್ಲಿದ್ದ ಮನ್ರೋ ಕೋಟೆಗೆ ಬಂದುಬಿಟ್ಟರು. ಯಜಮಾನನ ಕಡೆಯವನು ಬಂದು ಕಾಯ್ದೆ ಪ್ರಕಾರ ವಾಪಸ್ ಕೊಡಿ ಎಂದ. ಕೋಟೆಯ ಜನರಲ್ ಬಟ್ಲರ್ ಮೂಲತಃ ವಕೀಲ. ನಿಮ್ಮ ರಾಜ್ಯ ಬೇರೆ ದೇಶವಾಗಿದ್ದೇನೆ ಅಂತಿದೆಯಲ್ಲ, ಹಾಗಾದರೆ ನಮ್ಮ ಕಾಯ್ದೆ ನಿಮಗೆ ಯಾಕೆ ಅಂದರು. ಶತ್ರು ಯುದ್ಧಕ್ಕೆ ಬಳಸುವ ಸರಕು ಅಂತ ಆ ಮೂವರನ್ನು ‘ಜಪ್ತಿ’ ಮಾಡಿಕೊಂಡರು. ನೋಡಿ, ಬಿಡುಗಡೆಯ ಮೊದಲ ಹೆಜ್ಜೆಯಲ್ಲೂ ಅವರು ಮನುಷ್ಯರಲ್ಲ, ಸರಕು. ಆದರೆ ಸುದ್ದಿ ಹರಡಿದ ಮೇಲೆ ಜನ ನಡೆದರು. ಮೊದಲು ಹತ್ತಾರು, ಆಮೇಲೆ ನೂರಾರು, ಉತ್ತರದ ಸೇನೆ ಹೋದಲ್ಲೆಲ್ಲ ಸಾವಿರ ಸಾವಿರ ಮಂದಿ, ಹೆಂಡತಿ ಮಕ್ಕಳ ಜತೆ, ತಲೆ ಮೇಲೆ ಗಂಟು ಹೊತ್ತು.

ಈ ಜನರನ್ನು ಏನು ಮಾಡಬೇಕು ಅನ್ನುವ ಪ್ರಶ್ನೆಯೇ ವಾಷಿಂಗ್ಟನ್ನಿನ ನೀತಿಯನ್ನು ಒಂದೊಂದು ಅಂಗುಲ ಎಳೆಯಿತು. ಲಿಂಕನ್ ಮೊದಲು ಹಿಂದೇಟು ಹಾಕಿದರು. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲಿ ಉಳಿದಿದ್ದ ಕೆಂಟಕಿ, ಮಿಸೂರಿಯಂಥ ಗಡಿ ರಾಜ್ಯಗಳು ಕೈಬಿಟ್ಟು ಹೋದರೆ ಎಂಬ ಭಯ. ತಮ್ಮ ಇಬ್ಬರು ಜನರಲ್‌ಗಳು ಹೊರಡಿಸಿದ ಬಿಡುಗಡೆ ಆಜ್ಞೆಗಳನ್ನು ಅವರೇ ರದ್ದು ಮಾಡಿದರು. 1862ರ ಏಪ್ರಿಲ್‌ನಲ್ಲಿ ರಾಜಧಾನಿಯ ಗುಲಾಮರನ್ನು ಬಿಡಿಸಿದಾಗ ಸರ್ಕಾರ ಪರಿಹಾರ ಕೊಟ್ಟಿತು, ಯಾರಿಗೆ ಅಂದುಕೊಂಡ್ರಿ? ಯಜಮಾನರಿಗೆ, ತಲೆಗೆ 300 ಡಾಲರಿನವರೆಗೆ. ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಅದಾದ ಮೇಲೆಯೇ ಘೋಷಣೆ, 1863ರ ಜನವರಿ 1ರಿಂದ ಜಾರಿ. ಅದೂ ಬಂಡಾಯ ನಡೆದಿದ್ದ ಪ್ರದೇಶಗಳಿಗೆ ಮಾತ್ರ. ಆದರೆ ಅದರಲ್ಲಿ ಇನ್ನೊಂದು ಬಾಗಿಲು ತೆರೆಯಿತು, ಕರಿಯರು ಸೈನ್ಯ ಸೇರಬಹುದು. ಸುಮಾರು 1,80,000 ಮಂದಿ ಸೇರಿದರು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟು ಆ ಅರೆ ಸಂಬಳವನ್ನು ಮುಟ್ಟೋದೇ ಇಲ್ಲ ಅಂತ ಒಂದು ವರ್ಷಕ್ಕೂ ಮೀರಿ ಬಿಟ್ಟಿಯಾಗಿ ಕಾದಾಡಿತು. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್ ಸೋಲಿನಿಂದ ದಕ್ಷಿಣದ ಬೆನ್ನು ಬಾಗಿತು. 1864ರಲ್ಲಿ ಶೆರ್ಮನ್ ಅಟ್ಲಾಂಟಾ ಹಿಡಿದು ಸಮುದ್ರದವರೆಗೆ ನಡೆದರು. 1865ರ ಏಪ್ರಿಲ್ 9ರಂದು ಲೀ ಶರಣಾದರು. ಐದು ದಿನಕ್ಕೆ ಲಿಂಕನ್ ಮೇಲೆ ಗುಂಡು ಹಾರಿತು.

ಇದೆಲ್ಲ ಗೊತ್ತಿಟ್ಟುಕೊಂಡು ಚಿತ್ರವನ್ನು ಮತ್ತೆ ನೋಡಿ. ಆರಂಭದಲ್ಲಿ ಇಬ್ಬರು ಕರಿಯ ಸೈನಿಕರು ಲಿಂಕನ್ ಜತೆ ಮಾತಾಡುತ್ತಾರೆ. ಒಬ್ಬ ಧೈರ್ಯವಾಗಿ ಸಂಬಳದ ಮಾತೆತ್ತುತ್ತಾನೆ. ಕುಶ್ನರ್ ಅವರಿಗೆ ಈ ಇತಿಹಾಸ ಗೊತ್ತಿದೆ, ಅದು ಸ್ಪಷ್ಟ. ಆಮೇಲೆ ಅವರಿಬ್ಬರ ದನಿ ನಮಗೆ ಕೇಳಿಸುವುದಿಲ್ಲ. ಉಳಿದ ಎರಡೂವರೆ ಗಂಟೆ ಬಿಳಿ ಗಂಡಸರು ಕೋಣೆಗಳಲ್ಲಿ ಕೂತು ವಾದ ಮಾಡುತ್ತಾರೆ. ಮತದಾನದ ದಿನ ಕರಿಯರು ಗ್ಯಾಲರಿಗೆ ಬಂದು ಕೂರುತ್ತಾರೆ, ಅಲ್ಲಿಂದ ನೋಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಇಡೀ ಚಿತ್ರ ಅವರಿಗೆ ಕೊಟ್ಟ ಜಾಗ ಅದೇ, ಗ್ಯಾಲರಿ.

ಆ ಗ್ಯಾಲರಿಯಲ್ಲಿ ಕೂತಿರುವ ಎಲಿಜಬೆತ್ ಕೆಕ್ಲಿ ಯಾರು? ಚಿತ್ರದಲ್ಲಿ ಅವರು ಲಿಂಕನ್ ಪತ್ನಿ ಮೇರಿಯ ಜತೆ ಇರುವ ಮೌನಿ. ನಿಜದ ಕೆಕ್ಲಿ ಸೂಜಿ ಹಿಡಿದು ದುಡಿದು, ನೆರವಿನ ಸಾಲ ಎತ್ತಿ, 1,200 ಡಾಲರ್ ಕೊಟ್ಟು ತಮ್ಮನ್ನೂ ಮಗನನ್ನೂ ತಾವೇ ಕೊಂಡುಕೊಂಡವರು. ಓಡಿಬಂದ ನಿರಾಶ್ರಿತರಿಗಾಗಿ 1862ರಲ್ಲಿ ವಾಷಿಂಗ್ಟನ್ನಿನಲ್ಲಿ ಸಂಘ ಕಟ್ಟಿದವರು. 1868ರಲ್ಲಿ ಸ್ವಂತ ಆತ್ಮಕಥೆ ಬರೆದವರು. ಅಂದರೆ ನಾವು ನೋಡುವ ಆ ಮಹಿಳೆ ಒಬ್ಬ ಲೇಖಕಿ, ಸಂಘಟಕಿ. ಚಿತ್ರದ ಒಂದು ರಾತ್ರಿಯ ದೃಶ್ಯದಲ್ಲಿ ಲಿಂಕನ್ ಅವರಿಗೆ, ನಿಮ್ಮ ಜನರನ್ನು ನನಗೆ ಗೊತ್ತಿಲ್ಲ ಅನ್ನುವ ಅರ್ಥದ ಮಾತು ಹೇಳುತ್ತಾರೆ. ಪ್ರಾಮಾಣಿಕ ಮಾತು. ಲಿಂಕನ್‌ಗೆ ಗೊತ್ತಿಲ್ಲದಿರಬಹುದು, ಚಿತ್ರ ಕೂಡ ಗೊತ್ತುಮಾಡಿಕೊಳ್ಳಲು ಹೊರಡುವುದಿಲ್ಲ ಅನ್ನುವುದೇ ನನ್ನ ಬೇಸರ.

ಫ್ರೆಡ್ರಿಕ್ ಡಗ್ಲಸ್ ಅಂತೂ ಪರದೆ ಮೇಲೇ ಇಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಆ ಕಾಲದ ಅತಿ ದೊಡ್ಡ ವಾಗ್ಮಿಯಾದವರು, ಕರಿಯರನ್ನು ಸೈನ್ಯಕ್ಕೆ ಸೇರಿಸಿ ಅಂತ ಮೊದಲಿಂದ ಒತ್ತಾಯಿಸಿದವರು, ಸಂಬಳದ ಅನ್ಯಾಯ ಹೇಳಲು 1863ರಲ್ಲಿ ನೇರ ಲಿಂಕನ್ ಬಳಿ ಹೋದವರು. ಚಿತ್ರ ಮುಗಿಯುವುದು 1865ರ ಮಾರ್ಚ್ 4ರ ಪ್ರಮಾಣವಚನದ ಭಾಷಣದಿಂದ. ಅದೇ ದಿನ ಶ್ವೇತಭವನದ ಸತ್ಕಾರಕೂಟಕ್ಕೆ ಬಂದ ಡಗ್ಲಸ್ ಅವರನ್ನು ಬಾಗಿಲಲ್ಲಿ ಪೊಲೀಸರು ತಡೆದರು. ಲಿಂಕನ್ ಒಳಗೆ ಕರೆಸಿ, ನನ್ನ ಭಾಷಣ ಹೇಗಿತ್ತು ಹೇಳಿ ಅಂತ ಕೇಳಿದರು. ಇಂಥ ದೃಶ್ಯವನ್ನು ಯಾವ ನಿರ್ದೇಶಕ ಬಿಟ್ಟುಕೊಡ್ತಾನೆ? ಬಿಟ್ಟರು, ಯಾಕಂದರೆ ಡಗ್ಲಸ್ ಒಳಗೆ ಬಂದರೆ ಕರಿಯರು ಕರ್ಮಪದವಾಗಿ ಉಳಿಯೋದಿಲ್ಲ. ಇದು ನನ್ನ ಓದು, ನೀವು ಒಪ್ಪಬೇಕಿಲ್ಲ. ನ್ಯಾಯವಾಗಿ ಒಂದು ಮಾತು ಸೇರಿಸುತ್ತೇನೆ: ಪಾಸಾದ ತಿದ್ದುಪಡಿಯ ಮೂಲಪ್ರತಿಯನ್ನು ಥ್ಯಾಡಿಯಸ್ ಸ್ಟೀವನ್ಸ್ ಮನೆಗೆ ಒಯ್ದಾಗ ಅದನ್ನು ಗಟ್ಟಿಯಾಗಿ ಓದುವುದು ಅವರ ಮನೆ ನೋಡಿಕೊಳ್ಳುವ ಲಿಡಿಯಾ. ಆ ಒಂದು ನಿಮಿಷ ಕಾಯ್ದೆ ಅದು ಯಾರದೋ ಅವರ ಬಾಯಲ್ಲಿದೆ.

ಹಾಗಾದರೆ ಗುಲಾಮರು ತಾವೇ ಕರ್ತೃವಾಗಿ ಬರೆದ ಪಠ್ಯ ಯಾವುದು ಅಂತ ಕೇಳಿದರೆ ನಾನು ಉಮರ್ ಇಬ್ನ್ ಸಈದ್ ಅವರ ಹೆಸರು ಹೇಳುತ್ತೇನೆ. ಇಂದಿನ ಸೆನೆಗಲ್‌ನ ಫೂಟಾ ತೋರೋದಲ್ಲಿ 1770ರ ಸುಮಾರಿಗೆ ಹುಟ್ಟಿ, ಇಪ್ಪತ್ತೈದು ವರ್ಷ ಉಸ್ತಾದರ ಹತ್ತಿರ ಓದಿದವರು. 1807ರಲ್ಲಿ ಸೆರೆಯಾಗಿ ಚಾರ್ಲ್‌ಸ್ಟನ್‌ಗೆ ಬಂದು ಮಾರಾಟವಾದರು. ಕ್ರೂರ ಯಜಮಾನನಿಂದ ಓಡಿ, ನಾರ್ತ್ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ ಸಿಕ್ಕಿಬಿದ್ದು, ಜೈಲಿನ ಗೋಡೆ ಮೇಲೆ ಇದ್ದಿಲಿನಿಂದ ಅರಬ್ಬಿ ಬರೆದರು ಅಂತ ಅವರ ಕಥೆ ಹೇಳುತ್ತದೆ. ಓವನ್ ಎಂಬ ಮನೆತನ ಅವರನ್ನು ಕೊಂಡಿತು. 1831ರಲ್ಲಿ ಅರಬ್ಬಿಯಲ್ಲಿ ಕೆಲವೇ ಪುಟಗಳ ಆತ್ಮಕಥೆ ಬರೆದರು. ಈಗ ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಆ ಪುಟಗಳು ಶುರುವಾಗುವುದು ಜೀವನದ ಕಥೆಯಿಂದಲ್ಲ, ಕುರ್‌ಆನಿನ ಸೂರಾ ಅಲ್ ಮುಲ್ಕ್‌ನಿಂದ. ಮುಲ್ಕ್ ಅಂದರೆ ರಾಜ್ಯ, ಒಡೆತನ. ನಮ್ಮ ಉರ್ದುವಿನ ಮಾಲಿಕ್, ಮಿಲ್ಕಿಯತ್ ಎಲ್ಲ ಅದೇ ಧಾತುವಿನವು; ಕನ್ನಡದ ‘ಮಾಲೀಕ’ ಕೂಡ. ಸಕಲ ಒಡೆತನ ಅಲ್ಲಾಹನ ಕೈಯಲ್ಲಿದೆ ಎಂದು ಸಾರುವ ಸೂರಾವನ್ನು, ಕಾನೂನಿನ ಪ್ರಕಾರ ಬೇರೊಬ್ಬನ ಒಡೆತನದಲ್ಲಿರುವ ಮನುಷ್ಯ ಮೊದಲು ಬರೆದಿಟ್ಟಿದ್ದಾರೆ. ಆಮೇಲೆ ಓವನ್ ಮನೆಯವರನ್ನು ಹೊಗಳುತ್ತಾರೆ. ಆ ಹೊಗಳಿಕೆಯೇ ಯಜಮಾನರ ಕಣ್ಣಿಗೆ ಬಿತ್ತು, ಮೊದಲ ಪುಟ ಓದಲು ಅವರಿಗೆ ಅರಬ್ಬಿ ಬರುತ್ತಿರಲಿಲ್ಲ. ಅವರು ಚರ್ಚಿಗೆ ಸೇರಿದ್ದರು ಎಂಬುದನ್ನೂ ಮುಚ್ಚಿಡಬೇಕಿಲ್ಲ; ಮನಸ್ಸಿನಲ್ಲಿ ಏನಿತ್ತೋ ಅಲ್ಲಾಹನೇ ಬಲ್ಲ. 1864ರಲ್ಲಿ, ತೊಂಬತ್ತು ದಾಟಿದ ಮೇಲೆ, ತೀರಿಕೊಂಡರು. ಲಿಂಕನ್ ಘೋಷಣೆಯ ಕಾಗದದಲ್ಲಿ ಆಗಲೇ ಸ್ವತಂತ್ರರು, ಮನೆಯಲ್ಲಿ ಕೊನೆ ಉಸಿರಿನವರೆಗೂ ಗುಲಾಮರು.

ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಉಮರ್ ಅವರ ಫೋಟೊ ಆಗಾಗ ಸುತ್ತುತ್ತದೆ, ‘ಅಮೆರಿಕದ ಮುಸ್ಲಿಂ ವಿದ್ವಾಂಸ’ ಎಂಬ ಹೆಮ್ಮೆಯೊಂದಿಗೆ. ಹೆಮ್ಮೆ ಸರಿ. ಆದರೆ ಅಷ್ಟಕ್ಕೇ ನಿಲ್ಲುವುದು ನನಗೆ ಸರಿ ಕಾಣಲ್ಲ. ಮಲಿಕ್ ಅಂಬರ್ ಬಗ್ಗೆಯೂ ನಾವು ಹೀಗೇ ಮಾಡ್ತೀವಿ: ಆಫ್ರಿಕಾದಿಂದ ಗುಲಾಮರಾಗಿ ಬಂದವರು ಅಹ್ಮದ್‌ನಗರ ಆಳಿದರು ಅಂತ ಮೆಚ್ಚುತ್ತೇವೆ, ಅವರನ್ನು ಮಾರಿದವರಲ್ಲೂ ಕೊಂಡವರಲ್ಲೂ ನಮ್ಮವರು ಇದ್ದರಲ್ಲ ಅನ್ನುವ ಕಡೆ ಹೋಗಲ್ಲ. ಗುಲಾಮನನ್ನು ಬಿಡಿಸುವುದು ಪುಣ್ಯ ಎಂದ ಧರ್ಮದವರು ಶತಮಾನಗಳ ಕಾಲ ಕೊಳ್ಳುವುದನ್ನೂ ಬಿಡಲಿಲ್ಲ. ದಕ್ಷಿಣದ ಪಾದ್ರಿಗಳ ಬೈಬಲ್ ಓದನ್ನು ಟೀಕಿಸುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ.

ನಾನಿರುವ ಪುಣೆಯಲ್ಲಿ ಈ ಯುದ್ಧವನ್ನು ಬೇರೆಯೇ ಕಣ್ಣಿನಿಂದ ಓದಿದವರು ಜೋತಿಬಾ ಫುಲೆ. ಜಾತಿಯ ದಾಸ್ಯದ ಕುರಿತ ತಮ್ಮ ‘ಗುಲಾಮ್‌ಗಿರಿ’ಯನ್ನು 1873ರಲ್ಲಿ ಅವರು ಅರ್ಪಿಸಿದ್ದು ಲಿಂಕನ್‌ಗಲ್ಲ, ಗುಲಾಮಗಿರಿ ತೊಲಗಿಸಲು ತ್ಯಾಗ ಮಾಡಿದ ಅಮೆರಿಕದ ಜನರಿಗೆ. ಯುದ್ಧ ಮುಗಿದು ಎಂಟೇ ವರ್ಷ, ಸಮುದ್ರದಾಚೆ ಕೂತು, ಒಬ್ಬ ನಾಯಕನ ಬದಲು ಜನರನ್ನು ಆರಿಸಿಕೊಂಡರು. ಅವರ ಕಣ್ಣ ಮುಂದಿದ್ದದ್ದು ಬಹುಶಃ ಬಿಳಿಯ ಸುಧಾರಕರೇ ಇರಬಹುದು. ಆದರೂ ಸ್ಪೀಲ್‌ಬರ್ಗ್‌ಗಿಂತ ಫುಲೆ ಅವರ ಕ್ಯಾಮೆರಾ ಅಗಲವಾಗಿದೆ.

ಕೊನೆಯದಾಗಿ, ಚಿತ್ರ ಆರಿಸಿಕೊಂಡ ಅದೇ 1865ರ ಜನವರಿಯಲ್ಲಿ ನಡೆದ ಇನ್ನೊಂದು ಮಾತುಕತೆ. ಚಿತ್ರದಲ್ಲಿ ಟೆಲಿಗ್ರಾಫ್ ಆಫೀಸಿನಲ್ಲಿ ಸಿಡುಕುವ ಯುದ್ಧಮಂತ್ರಿ ಸ್ಟ್ಯಾಂಟನ್ ನಿಮಗೆ ನೆನಪಿರಬಹುದು. ಜನವರಿ 12ರ ಸಂಜೆ ಈ ಸ್ಟ್ಯಾಂಟನ್ ಮತ್ತು ಜನರಲ್ ಶೆರ್ಮನ್ ಸವಾನಾದಲ್ಲಿ, ನಾಲ್ಕು ವರ್ಷದ ಹಿಂದೆ ಸ್ಟೀಫನ್ಸ್ ಮೂಲೆಗಲ್ಲಿನ ಭಾಷಣ ಮಾಡಿದ ಅದೇ ಊರಲ್ಲಿ, ಇಪ್ಪತ್ತು ಮಂದಿ ಕರಿಯ ಧರ್ಮಗುರುಗಳ ಜತೆ ಕೂತರು. ಅವರ ಪರವಾಗಿ ಮಾತಾಡಿದ್ದು 67 ವರ್ಷದ ಗ್ಯಾರಿಸನ್ ಫ್ರೇಜಿಯರ್, ಸಾವಿರ ಡಾಲರ್ ಕೊಟ್ಟು ತಮ್ಮನ್ನೂ ಹೆಂಡತಿಯನ್ನೂ ಬಿಡಿಸಿಕೊಂಡವರು. ನಿಮಗೆ ಏನು ಬೇಕು ಅಂತ ಕೇಳಿದ್ದಕ್ಕೆ ಅವರ ಉತ್ತರ ನೆಲದ ಬಗ್ಗೆ ಇತ್ತು. ನಮ್ಮದೇ ಜಮೀನು ಇರಬೇಕು, ನಮ್ಮ ಕೈಯಿಂದ ಉಳಬೇಕು, ಅದರಿಂದ ನಾವು ಬದುಕಿಕೊಳ್ಳುತ್ತೇವೆ ಎಂದರು. ನಾಲ್ಕನೇ ದಿನಕ್ಕೆ ಶೆರ್ಮನ್ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆಯವರೆಗೆ ಹಂಚುವ ಆಜ್ಞೆ ಹೊರಡಿಸಿದರು. ಸಾವಿರಾರು ಕುಟುಂಬಗಳು ಅಲ್ಲಿ ನೆಲೆಸಿ ಬಿತ್ತನೆಯನ್ನೂ ಮಾಡಿದವು. ಲಿಂಕನ್ ನಂತರ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಬಂಡಾಯಗಾರರಿಗೆ ಕ್ಷಮಾದಾನ ಕೊಟ್ಟು, ಆ ಜಮೀನಿನ ಬಹುಪಾಲನ್ನು ಹಳೆಯ ಮಾಲೀಕರಿಗೆ ಹಿಂದಿರುಗಿಸಿದ.